ಕೈಗೂಡುವ ಕಾಲ
(ಬಾನುಲಿ ಭಾಷಣ)



ಕನ್ನಡದಲ್ಲಿ ಒಂದು ಕಾರ್ಯ ನೆರವೇರಿತೆಂದು ಹೇಳಬೇಕಾದರೆ ‘ಕೈಗೂಡಿತು’ ಎನ್ನುತ್ತೇವೆ. ಆರಂಭಿಸಿದ್ದನ್ನು ಕೈಗೊಂಡೆವೆನ್ನುತ್ತೇವೆ, ನಡುವೆ ನಿಲ್ಲಿಸಿದ್ದನ್ನು ಕೈಬಿಟ್ಟೆವೆನ್ನುತ್ತೇವೆ. ಕಷ್ಟದಲ್ಲಿ ನೆರವಾದವನು ಕೈಹಿಡಿದವನು, ನಂಬಿಸಿ ಮೋಸಮಾಡಿದವನು ಕೈಕೊಟ್ಟವನು. ದುರ್ಬಲನಾದವನನ್ನು ‘ಕೈಲಾಗದವನು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಮೂವತ್ತು ವರ್ಷಕ್ಕೂ ಮಿಕ್ಕು ತರಗತಿಗಳಲ್ಲಿ ಈ ನುಡಿಗಟ್ಟುಗಳ ಅರ್ಥವನ್ನು ಬಿಡಿಸಿ ಹೇಳಿದ ನನಗೆ ಅವುಗಳ ಪೂರ್ಣವಾದ ಅರ್ಥ ತಿಳಿದದ್ದು ನಿವೃತ್ತನಾದ ಮೇಲೆ, ನಮ್ಮ ಮನೆಯ ಹಿತ್ತಿಲಲ್ಲಿ ಜಾರಿಬಿದ್ದು ಬಲದೋಳಿನ ಮೂಳೆಯನ್ನು ಮುರಿದುಕೊಂಡಾಗ.

ವೈದ್ಯಶಾಸ್ತ್ರ ನನ್ನ ಕ್ಷೇತ್ರವಲ್ಲ. ಇಂದು ನಾನು ಹೇಳಹೊರಟಿರುವುದು ಒಬ್ಬ ರೋಗಿಯ ಅನುಭವವನ್ನು, ಮತ್ತು ಆ ಅನುಭವದ ನೆಪದಿಂದ ನಾನು ಓದಿ, ವಿಚಾರಿಸಿ ತಿಳಿದುಕೊಂಡ ಕೆಲವು ಸಂಗತಿಗಳನ್ನು. ಮೇಲ್ತೋಳಿನ ಮುರಿತ ಶಸ್ತ್ರಚಿಕಿತ್ಸೆಯಿಲ್ಲದೆ ಹೇಗೆ ವಾಸಿಯಾಗುತ್ತದೆ, ಹಾಗೆ ವಾಸಿಯಾಗುವಾಗ ರೋಗಿಯ ಪಾಲಿಗೆ ಬರುವ ಕೆಲಸ ಯಾವುದು ಎಂಬುದೇ ನನ್ನ ವಿಷಯ.

ಅದು ಆಷಾಢದ ಒಂದು ಬೆಳಗ್ಗೆ. ಜಿಟಿಜಿಟಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಹೂ ಬಿಡಿಸಲು ಹಿತ್ತಿಲಿಗೆ ಹೋದವನು ಪಾಚಿಗಟ್ಟಿದ ಕಲ್ಲುಚಪ್ಪಡಿಯ ಮೇಲೆ ಕಾಲಿಟ್ಟೆ. ಮರದಿಂದ ಬೀಳಲಿಲ್ಲ, ಮಹಡಿಯಿಂದ ಬೀಳಲಿಲ್ಲ. ನಿಂತ ನೆಲದಲ್ಲೇ ಬಿದ್ದೆ. ಹೆಗಲಿನ ಬಳಿ ಒಣಕಡ್ಡಿ ಮುರಿದಂಥ ಸದ್ದು ನನಗೇ ಕೇಳಿಸಿತು. ಎದ್ದು ಕುಳಿತಾಗ ಬಲಗೈ ನನ್ನದಾಗಿರಲಿಲ್ಲ. ಎಡಗೈಯಲ್ಲಿ ಅದನ್ನು ಮಗುವಿನಂತೆ ಎದೆಗೆ ಅಪ್ಪಿಕೊಂಡು ಒಳಗೆ ಬಂದೆ. ನನ್ನ ಹೆಂಡತಿ ಮೊದಲು ಮಾಡಿದ ಕೆಲಸವೆಂದರೆ ನನ್ನ ಬೆರಳಿನ ಉಂಗುರವನ್ನು ಸಾಬೂನು ಹಚ್ಚಿ ತೆಗೆದದ್ದು. ಇದರ ಬೆಲೆ ನನಗೆ ಆಮೇಲೆ ತಿಳಿಯಿತು. ತೋಳು ಮುರಿದರೆ ಬಾವು ಬೆರಳಿನವರೆಗೆ ಇಳಿಯುತ್ತದೆ. ಉಂಗುರ, ಬಳೆಗಳು ಆಗ ಸಂಕೋಲೆಗಳಾಗುತ್ತವೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ವೈದ್ಯರು ಚಿತ್ರವನ್ನು ತೋರಿಸಿ ಹೇಳಿದರು: “ಮೇಷ್ಟ್ರೇ, ತೋಳಿನ ಮೂಳೆ ಹೆಗಲಿನ ಕೀಲಿನ ಕೆಳಗೇ ಮುರಿದಿದೆ. ಆದರೆ ಚೂರುಗಳು ತೀರ ದೂರ ಸರಿದಿಲ್ಲ. ಆಪರೇಷನ್ ಬೇಕಾಗಿಲ್ಲ. ಈ ಪಟ್ಟಿಯಲ್ಲಿ ಕೈ ತೂಗುಹಾಕಿಕೊಳ್ಳಿ, ಮಾತ್ರೆ ತಗೊಳ್ಳಿ, ವಾರ ಬಿಟ್ಟು ಬನ್ನಿ.” ನನ್ನ ಹೆಂಡತಿ ಕೇಳಿದಳು: “ಅಷ್ಟೇನಾ ಡಾಕ್ಟ್ರೇ?”

ಆ ‘ಅಷ್ಟೇನಾ’ ಎಂಬ ಮಾತಿನಲ್ಲಿ ನಮ್ಮ ಕಾಲದ ಮನೋಧರ್ಮವೇ ಅಡಗಿದೆಯೆಂದು ನನಗೆ ತೋರುತ್ತದೆ. ದೊಡ್ಡ ನೋವಿಗೆ ದೊಡ್ಡ ಚಿಕಿತ್ಸೆಯಾಗಬೇಕೆಂದು ನಾವು ನಿರೀಕ್ಷಿಸುತ್ತೇವೆ. ತಟ್ಟೆಕಂಬಿ, ತಿರುಪು, ಹೊಲಿಗೆ ಇವು ಯಾವುವೂ ಇಲ್ಲದೆ ಒಂದು ಬಟ್ಟೆಯ ಪಟ್ಟಿಯನ್ನು ಕೊರಳಿಗೆ ಹಾಕಿ ಕಳಿಸಿದರೆ, ನಮ್ಮನ್ನು ಉಪೇಕ್ಷೆಮಾಡಿದರೆಂದು ಭಾವಿಸುತ್ತೇವೆ. ನೋಡಲು ಬಂದ ನೆಂಟರಿಷ್ಟರದೂ ಅದೇ ಭಾವನೆ. ಒಬ್ಬರು, ದೊಡ್ಡ ಊರಿಗೆ ಹೋಗಿ ತೋರಿಸಿ ಎಂದರು. ನನ್ನ ಭಾವಮೈದ, ಕಾರು ತರುತ್ತೇನೆ, ಪುತ್ತೂರಿಗೆ ಹೋಗಿ ಕಟ್ಟು ಕಟ್ಟಿಸಿಕೊಂಡು ಬರೋಣ ಎಂದ. ಅವನು ಹೇಳಿದ್ದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ. ಆಂಧ್ರದಲ್ಲಿ ತಿರುಪತಿಯ ಕಡೆಗಿರುವ, ಮೂಳೆ ಕಟ್ಟುವುದಕ್ಕೆ ತಲೆಮಾರುಗಳಿಂದ ಹೆಸರಾದ ಪುತ್ತೂರು.

ನಾನು ಹೋಗಲಿಲ್ಲ. ಆದರೆ ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಲೋಹದ ತಟ್ಟೆಗಳೂ ಅರಿವಳಿಕೆಯೂ ಬರುವ ಮೊದಲೂ ಮನುಷ್ಯರು ಬೀಳುತ್ತಿದ್ದರಷ್ಟೆ, ತೋಳುಗಳು ಮುರಿಯುತ್ತಿದ್ದವಷ್ಟೆ. ಅವರು ಏನು ಮಾಡುತ್ತಿದ್ದರು? ಬಲಗೈ ಪಟ್ಟಿಯಲ್ಲಿದ್ದರೂ ಎಡಗೈ ಪುಟ ತಿರುವಬಲ್ಲದು. ನಾನು ಓದತೊಡಗಿದೆ.

೧೮೬೨ರಲ್ಲಿ ಈಜಿಪ್ಟಿನ ಲಕ್ಸಾರ್ ನಗರದಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕದವನು ಒಂದು ಪುರಾತನ ಪಪೈರಸ್ ಸುರುಳಿಯನ್ನು ಕೊಂಡ. ಅದನ್ನು ಜೇಮ್ಸ್ ಹೆನ್ರಿ ಬ್ರೆಸ್ಟೆಡ್ ಎಂಬ ವಿದ್ವಾಂಸರು ೧೯೩೦ರಲ್ಲಿ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದರು. ಕ್ರಿಸ್ತಪೂರ್ವ ಸುಮಾರು ೧೬೦೦ರ ಆ ಸುರುಳಿಯಲ್ಲಿ ೪೮ ಗಾಯಾಳುಗಳ ವಿವರಗಳಿವೆ. ಅವುಗಳಲ್ಲಿ ಕೆಲವು ಮೇಲ್ತೋಳಿನ ಮೂಳೆ ಮುರಿದವರದು. ಚರ್ಮ ಹರಿಯದೆ ಒಳಗೇ ಮುರಿದ ತೋಳನ್ನು ಎಳೆದು ಸರಿಗೂಡಿಸಿ, ನಾರುಬಟ್ಟೆಯ ಎರಡು ಆಸರೆಗಳನ್ನಿಟ್ಟು ಕಟ್ಟಬೇಕೆಂದೂ, ಇದು ತಾನು ಗುಣಪಡಿಸುವ ಬೇನೆಯೆಂದೂ ಆ ವೈದ್ಯ ಬರೆದಿದ್ದಾನೆ. ಮೂಳೆಯ ಮುರಿತದ ಮೇಲೆ ಗಾಯ ಬಾಯ್ದೆರೆದು ಒಳಕ್ಕೆ ಇಳಿದಿದ್ದರೆ ಮಾತ್ರ ತನ್ನ ಕೈಮೀರಿದ್ದೆಂದು ಒಪ್ಪಿಕೊಂಡಿದ್ದಾನೆ. ಮುಚ್ಚಿದ ಮುರಿತ ಬೇರೆ, ತೆರೆದ ಮುರಿತ ಬೇರೆ ಎಂಬ ಈ ವಿವೇಕ ಮೂರೂವರೆ ಸಾವಿರ ವರ್ಷ ಹಳೆಯದು. ತೆರೆದ ಮುರಿತಕ್ಕೆ ಇಂದು ಶಸ್ತ್ರಚಿಕಿತ್ಸೆಯಿದೆ ಎಂಬುದು ನಮ್ಮ ಭಾಗ್ಯ.

ನಮ್ಮ ಸುಶ್ರುತಸಂಹಿತೆಯಲ್ಲಿ ಮುರಿದ ಮೂಳೆಗಳ ಚಿಕಿತ್ಸೆಗೆಂದೇ ಒಂದು ಅಧ್ಯಾಯವಿದೆ. ಅತ್ತಿ, ಅರಳಿ, ಮುತ್ತುಗ, ಮತ್ತಿ ಮೊದಲಾದ ಮರಗಳ ತೊಗಟೆಯಿಂದಲೂ ಬಿದಿರಿನಿಂದಲೂ ದಬ್ಬೆಗಳನ್ನು ಮಾಡಿಕೊಳ್ಳಬೇಕೆಂದು ಅಲ್ಲಿ ಹೇಳಿದೆ. ಕಟ್ಟು ಸಡಿಲವಾದರೆ ಮೂಳೆ ನಿಲ್ಲುವುದಿಲ್ಲ, ಬಿಗಿಯಾದರೆ ಬಾವು ಬಂದು ಚರ್ಮ ಕೊಳೆಯುತ್ತದೆ; ಆದ್ದರಿಂದ ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಸಮಕಾಲದಲ್ಲಿ ಐದು ದಿನಕ್ಕೊಮ್ಮೆ, ಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟನ್ನು ಬಿಚ್ಚಿ ಕಟ್ಟಬೇಕೆಂದು ವಿಧಿಸಿದೆ. ವಯಸ್ಸಿನ ಲೆಕ್ಕವೂ ಉಂಟು. ಮೊದಲ ವಯಸ್ಸಿನಲ್ಲಿ ಮೂಳೆ ಕೂಡಲು ಒಂದು ತಿಂಗಳಾದರೆ, ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲ ಬೇಕೆಂದು ಸುಶ್ರುತನ ಮತ. ಮೂರು ತಿಂಗಳು ಎಂಬ ಆ ಅಂಕಿಯನ್ನು ಓದಿ ನಾನು ನಿಟ್ಟುಸಿರುಬಿಟ್ಟೆ. ನಾನು ಯಾವ ವರ್ಗಕ್ಕೆ ಸೇರಿದವನೆಂಬ ಬಗ್ಗೆ ಸಂದೇಹಕ್ಕೆ ಎಡೆಯಿರಲಿಲ್ಲ.

ಬಿಗಿಕಟ್ಟಿನ ಅಪಾಯದ ವಿಷಯ ಹೇಳಿದೆನಲ್ಲ. ಅದನ್ನು ಇನ್ನಷ್ಟು ಒತ್ತಿ ಹೇಳಬೇಕು. ೧೮೮೧ರಲ್ಲಿ ರಿಚರ್ಡ್ ಫಾನ್ ಫೋಲ್ಕ್‌ಮನ್ ಎಂಬ ಜರ್ಮನ್ ಶಸ್ತ್ರವೈದ್ಯರು, ಬಿಗಿಯಾದ ಕಟ್ಟಿನಿಂದ ರಕ್ತಸಂಚಾರ ನಿಂತು ಮುಂಗೈಯ ಸ್ನಾಯುಗಳು ಸತ್ತು ಬೆರಳುಗಳು ಹಕ್ಕಿಯ ಉಗುರಿನಂತೆ ಸೊಟ್ಟಗಾಗುವ ಸ್ಥಿತಿಯನ್ನು ವರ್ಣಿಸಿದರು. ಮೂಳೆ ಕೂಡುತ್ತದೆ, ಕೈ ಹೋಗುತ್ತದೆ. ಸಾಂಪ್ರದಾಯಿಕವಾಗಿ ಕಟ್ಟು ಕಟ್ಟುವವರಲ್ಲಿ ಕೈಗುಣವುಳ್ಳವರು ಇದ್ದಾರೆ, ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಕ್ಸ್‌ರೇ ನೋಡದೆ ಬಿಗಿಯಾಗಿ ಕಟ್ಟಿ, ಹದಿನೈದು ದಿನ ಬಿಚ್ಚಬೇಡಿ ಎಂದು ಕಳಿಸುವುದೂ, ಮುರಿದ ಜಾಗದ ಮೇಲೆ ಎಣ್ಣೆ ಹಚ್ಚಿ ಬಲವಾಗಿ ನೀವುವುದೂ ಸುಶ್ರುತನಿಗೇ ಒಪ್ಪಿಗೆಯಾಗುವ ಕೆಲಸವಲ್ಲ. ಆಸ್ಪತ್ರೆಯಲ್ಲಿ ಕಟ್ಟಿಸಿಕೊಂಡಿರಲಿ, ಬೇರೆ ಕಡೆ ಕಟ್ಟಿಸಿಕೊಂಡಿರಲಿ, ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮುಹಿಡಿದರೆ, ಮಾತ್ರೆಗೆ ಬಗ್ಗದ ನೋವು ಬಂದರೆ ಬೆಳಗಾಗಲೆಂದು ಕಾಯಬಾರದು.

ಇನ್ನು ಇಂದಿನ ವೈದ್ಯರು ಯಾವ ಆಧಾರದ ಮೇಲೆ ಪಟ್ಟಿಯನ್ನೇ ಸಾಕೆನ್ನುತ್ತಾರೆ? ಮೇಲ್ತೋಳಿನ ಮುರಿತಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ನನಗಾದಂತೆ ಹೆಗಲಿನ ಕೀಲಿನ ಹತ್ತಿರದ್ದು. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. ಇನ್ನೊಂದು, ತೋಳಿನ ನಡುಭಾಗದ್ದು. ಮೊದಲನೆಯ ಬಗೆಯಲ್ಲಿ ಚೂರುಗಳು ಎಷ್ಟು ಸರಿದರೆ ಹೆಚ್ಚು ಎಂಬುದಕ್ಕೆ ಅಮೆರಿಕದ ಚಾರ್ಲ್ಸ್ ನೀರ್ ಎಂಬ ವೈದ್ಯರು ೧೯೭೦ರಲ್ಲಿ ಒಂದು ಅಳತೆಗೋಲನ್ನು ಕೊಟ್ಟರು: ಒಂದು ಸೆಂಟಿಮೀಟರಿಗಿಂತ ಹೆಚ್ಚು ದೂರ ಅಥವಾ ೪೫ ಡಿಗ್ರಿಗಿಂತ ಹೆಚ್ಚು ಓರೆ. ಹಾಗೆ ಹೆಚ್ಚು ಸರಿಯದ ಮುರಿತಗಳೇ ಬಹುಪಾಲು. ಅವಕ್ಕೆ ಪಟ್ಟಿ ಸಾಕೆಂಬುದರಲ್ಲಿ ವಿವಾದವಿಲ್ಲ. ಸರಿದ ಮುರಿತಗಳ ವಿಷಯದಲ್ಲಿ ವಿವಾದವಿತ್ತು. ಇಂಗ್ಲೆಂಡಿನ ವೈದ್ಯರು ಮುಂದಾಗಿ ಬ್ರಿಟನ್ನಿನಲ್ಲಿ ೨೫೦ ಮಂದಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಪಟ್ಟಿ ಎಂದು ಗೊತ್ತುಮಾಡಿ, ಎರಡು ವರ್ಷ ಗಮನಿಸಿದರು. ಫಲಿತಾಂಶ ೨೦೧೫ರಲ್ಲಿ ಪ್ರಕಟವಾಯಿತು. ತೋಳಿನ ಉಪಯೋಗದಲ್ಲಿ ಎರಡು ಪಂಗಡಗಳ ನಡುವೆ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ.

ತೋಳಿನ ನಡುಭಾಗದ ಮುರಿತಕ್ಕೆ, ಕೊಲಂಬಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅಗಸ್ಟೋ ಸಾರ್ಮಿಯೆಂಟೋ ಎಂಬ ವೈದ್ಯರು ೧೯೭೭ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ತೋಳಿನ ಸುತ್ತ ಪ್ಲಾಸ್ಟಿಕ್ಕಿನ ಒಂದು ಕವಚ. ಹೆಗಲೂ ಮೊಣಕೈಯೂ ಅದರಿಂದ ಹೊರಗೆ, ಆಡಲು ಸ್ವತಂತ್ರ. ಕವಚ ಸ್ನಾಯುಗಳನ್ನು ಸುತ್ತಲಿಂದ ಅದುಮಿ ಹಿಡಿಯುತ್ತದೆ. ಸ್ನಾಯುಗಳು ಮೂಳೆಯನ್ನು ಹಿಡಿಯುತ್ತವೆ. ತೋಳಿನ ಭಾರವೇ ಮೂಳೆಯನ್ನು ನೇರಕ್ಕೆ ಎಳೆಯುತ್ತದೆ. ೨೦೦೦ದಲ್ಲಿ ಅವರೂ ಅವರ ಸಂಗಡಿಗರೂ ೬೨೦ ರೋಗಿಗಳ ವಿವರ ಕೊಟ್ಟರು. ಮುಚ್ಚಿದ ಮುರಿತಗಳಲ್ಲಿ ಕೂಡದೆ ಉಳಿದವು ನೂರಕ್ಕೆ ಎರಡಕ್ಕಿಂತ ಕಡಿಮೆ. ಆದರೆ ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ಮಾತು ಏಕಮುಖವಾಗುತ್ತದೆ. ಫಿನ್ಲೆಂಡಿನಲ್ಲಿ ೮೨ ಜನರ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವರ್ಷದ ಕೊನೆಗೆ ಎರಡು ಪಂಗಡಗಳೂ ಹೆಚ್ಚುಕಡಿಮೆ ಸಮನಾಗಿದ್ದರೂ, ಕವಚ ತೊಟ್ಟ ೪೪ ಮಂದಿಯಲ್ಲಿ ೧೩ ಮಂದಿಗೆ ನಡುವೆ ಶಸ್ತ್ರಚಿಕಿತ್ಸೆ ಬೇಕಾಯಿತು. ಆದುದರಿಂದ ಶಸ್ತ್ರಚಿಕಿತ್ಸೆ ಬೇಡವೆಂದು ವೈದ್ಯರು ಹೇಳುವುದು, ಮತ್ತೆ ಮತ್ತೆ ನೋಡುತ್ತಿರುತ್ತೇನೆ ಎಂಬ ಷರತ್ತಿನ ಮೇಲೆ. ಆ ಷರತ್ತನ್ನು ರೋಗಿಯೂ ನಡೆಸಿಕೊಡಬೇಕು. ಕರೆದ ದಿನ ಹೋಗಬೇಕು.

ನಡುಭಾಗದ ಮುರಿತದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅಲ್ಲಿ ಒಂದು ನರ ಮೂಳೆಗೆ ಬಳ್ಳಿಯಂತೆ ಸುತ್ತಿಕೊಂಡು ಇಳಿಯುತ್ತದೆ. ನೂರರಲ್ಲಿ ಸುಮಾರು ಹನ್ನೆರಡು ಮಂದಿಗೆ ಅದು ಜಖಂಗೊಂಡು, ಮಣಿಕಟ್ಟು ಬಾಡಿದ ಹೂವಿನಂತೆ ಕೆಳಕ್ಕೆ ಬೀಳುತ್ತದೆ, ಎತ್ತಿದರೂ ಏಳುವುದಿಲ್ಲ. ನೋಡಿದವರು ಕೈ ಹೋಯಿತೆಂದು ಅಳುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ನರ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಆದರೆ ಅದನ್ನು ಕಂಡ ಕೂಡಲೇ ವೈದ್ಯರಿಗೆ ತೋರಿಸಬೇಕು.

ಈಗ ನನ್ನ ಕತೆಗೆ ಮರಳುತ್ತೇನೆ. ಮೊದಲ ಎರಡು ವಾರ ಕಷ್ಟದವು. ಮಲಗಿದರೆ ಮುರಿದ ತುದಿಗಳು ಅಲುಗುತ್ತಿದ್ದವು. ಆದ್ದರಿಂದ ಆರಾಮಕುರ್ಚಿಯಲ್ಲಿ, ತೋಳಿನ ಹಿಂದೆ ದಿಂಬಿಟ್ಟುಕೊಂಡು, ಅರೆ ಕುಳಿತೇ ರಾತ್ರಿ ಕಳೆದೆ. ನಾಲ್ಕನೆಯ ದಿನ ತೋಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ವಾರದಲ್ಲಿ ಆ ಬಣ್ಣ ಮೊಣಕೈಗೂ ಎದೆಯ ಪಕ್ಕೆಗೂ ಇಳಿದು, ಹಸಿರಾಗಿ, ಹಳದಿಯಾಗಿ ಮಾಯವಾಯಿತು. ಒಳಗೆ ಸುರಿದ ರಕ್ತ ಭೂಮಿಯ ಸೆಳೆತಕ್ಕೆ ಕೆಳಗಿಳಿಯುವುದಷ್ಟೇ ಅದು ಎಂದು ತಿಳಿಯದಿದ್ದರೆ ಯಾರಾದರೂ ಹೆದರಬೇಕಾದ್ದೇ. ಅಂಗಿ ತೊಡಿಸುವ ವಿದ್ಯೆಯನ್ನು ನನ್ನ ಹೆಂಡತಿ ಬೇಗ ಕಲಿತಳು: ತೊಡಿಸುವಾಗ ನೋವಿನ ಕೈ ಮೊದಲು, ತೆಗೆಯುವಾಗ ನೋವಿನ ಕೈ ಕೊನೆಗೆ. ರವಿಕೆ ತೊಡುವವರಿಗೂ ಇದೇ ನಿಯಮ.

ನೋವಿಗಿಂತ ಹೆಚ್ಚಾಗಿ ನನ್ನನ್ನು ಕುಗ್ಗಿಸಿದ್ದು ಪರಾಧೀನತೆ. ಎಡಗೈಯಲ್ಲಿ ಉಣ್ಣಬಾರದೆಂದು ಬೆಳೆದವನು ನಾನು. ಈಗ ಎಡಗೈಯಲ್ಲಿ ಚಮಚ ಹಿಡಿದು ಹುಳಿಯನ್ನವನ್ನು ಎದೆಯ ಮೇಲೆ ಚೆಲ್ಲಿಕೊಂಡೆ. ಬ್ಯಾಂಕಿನಲ್ಲಿ ಪಿಂಚಣಿಯ ಹಣ ತೆಗೆಯಲು ಹೋದಾಗ ರುಜು ಹಾಕಲಾಗಲಿಲ್ಲ. ಕನ್ನಡ ಎಂ.ಎ. ಮಾಡಿದವನು, ಸಾವಿರಾರು ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯಲ್ಲಿ ಬರೆದವನು, ಹೆಬ್ಬೆಟ್ಟು ಒತ್ತಿ ಹೊರಬಂದೆ. ಬಾಗಿಲಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಕಂಡು ಕೈಮುಗಿದ. ಪ್ರತಿಯಾಗಿ ಮುಗಿಯಲು ನನ್ನಲ್ಲಿ ಎರಡು ಕೈಗಳಿರಲಿಲ್ಲ. ತಲೆಯಾಡಿಸಿ ಬಂದೆ. ಕೈಲಾಗದವನು ಎಂಬ ಮಾತನ್ನು ಅಂದಿನಿಂದ ನಾನು ಯಾರ ಬಗ್ಗೆಯೂ ಬಳಸಿಲ್ಲ.

ಆ ದಿನಗಳಲ್ಲಿ ನನ್ನ ತೋಳಿನೊಳಗೆ ನನ್ನ ಅಪ್ಪಣೆಯಿಲ್ಲದೆ ಒಂದು ಕೆಲಸ ನಡೆಯುತ್ತಿತ್ತು. ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಕ್ಕೆ ಹೊಸ ಕಣಗಳೂ ಎಳೆಯ ರಕ್ತನಾಳಗಳೂ ಬರುತ್ತವೆ. ಎರಡು ಮೂರು ವಾರಗಳಲ್ಲಿ ಅದು ಮೆತ್ತನೆಯ ಮೃದ್ವಸ್ಥಿಯ ಬೆಸುಗೆಯಾಗುತ್ತದೆ. ಆಮೇಲೆ ಅದರಲ್ಲಿ ಸುಣ್ಣದ ಅಂಶ ತುಂಬಿ ಗಟ್ಟಿಯಾಗುತ್ತದೆ. ಕೊನೆಗೆ, ತಿಂಗಳುಗಳ ಮೇಲೆ ತಿಂಗಳು, ಉಬ್ಬಿದ್ದನ್ನು ಕೆತ್ತಿ ತಗ್ಗಿದ್ದನ್ನು ತುಂಬಿ ಮೂಳೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ದೇಹದ ಇತರ ಹಲವು ಗಾಯಗಳು ವಾಸಿಯಾದರೆ ಕಲೆ ಉಳಿಯುತ್ತದೆ. ಮೂಳೆಯ ಗಾಯ ಮಾತ್ರ ಮೂಳೆಯಿಂದಲೇ ತುಂಬುತ್ತದೆ. ಇದಕ್ಕೆ ಬೇಕಾದುದು ಕಾಲ, ಆಹಾರ, ರಕ್ತಸಂಚಾರ. ಬೀಡಿ ಸಿಗರೇಟುಗಳ ಹೊಗೆ ಈ ಬೆಸುಗೆಯನ್ನು ತಡಮಾಡುತ್ತದೆಂಬುದು ಸಿದ್ಧಪಟ್ಟ ಸಂಗತಿ.

ಆರನೆಯ ವಾರದ ಎಕ್ಸ್‌ರೇಯಲ್ಲಿ ಬೆಸುಗೆ ಮೋಡದ ತುಣುಕಿನಂತೆ ಕಾಣಿಸಿತು. ವೈದ್ಯರು ಸಂತೋಷಪಟ್ಟು, ಇನ್ನು ಪಟ್ಟಿ ಬಿಡಿ, ವ್ಯಾಯಾಮವನ್ನು ಹೆಚ್ಚಿಸಿ ಎಂದರು. ಇಲ್ಲಿಯೇ ನಾನು ತಪ್ಪು ಮಾಡಿದೆ. ಆ ತಪ್ಪನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಭಾಷಣಕ್ಕೆ ಒಪ್ಪಿಕೊಂಡೆನೆಂದರೂ ಸರಿಯೇ.

ಮೊದಲ ದಿನದಿಂದಲೇ ಬೆರಳು ಮಡಿಸಿ ಬಿಡಿಸಿ, ಮಣಿಕಟ್ಟು ತಿರುಗಿಸಿ, ಮೊಣಕೈ ಆಡಿಸಿ ಎಂದು ಅವರು ಹೇಳಿದ್ದರು. ಎರಡು ವಾರದ ಮೇಲೆ, ಮೇಜಿಗೆ ಎಡಗೈ ಊರಿ ಬಾಗಿ, ಬಲದೋಳನ್ನು ಗಡಿಯಾರದ ಲೋಲಕದಂತೆ ತೂಗಿಬಿಟ್ಟು ಮೆಲ್ಲಗೆ ಆಡಿಸಬೇಕೆಂದು ತೋರಿಸಿದ್ದರು. ಬಾಸ್ಟನ್ನಿನ ಕಾಡ್‌ಮನ್ ಎಂಬ ವೈದ್ಯರು ೧೯೩೪ರಲ್ಲಿ ಹೆಗಲಿನ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದರು. ಬಾಗಿ ಮಾಡುವ ಈ ವ್ಯಾಯಾಮ ಅವರ ಹೆಸರಿನಿಂದಲೇ ಪ್ರಸಿದ್ಧ. ಬಾಗಿದಾಗ ಭೂಮಿಯೇ ತೋಳನ್ನು ಹಿಡಿದು ಇಳಿಸುತ್ತದೆ. ದಣಿದ ಸ್ನಾಯುಗಳು ಎತ್ತಬೇಕಾದ್ದಿಲ್ಲ. ನಾನು ಬೆರಳು ಆಡಿಸಿದೆ. ಹೆಗಲಿನ ತಂಟೆಗೆ ಹೋಗಲಿಲ್ಲ. ನೋವಾಗುತ್ತಿತ್ತು. ಕೂಡಿದ್ದು ಮತ್ತೆ ಬಿಟ್ಟುಹೋದೀತೆಂಬ ಭಯ. ನೋಡಲು ಬಂದವರೂ, ಅಲ್ಲಾಡಿಸಬೇಡಿ ಮೇಷ್ಟ್ರೇ ಎಂದೇ ಹೇಳುತ್ತಿದ್ದರು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನೆನೆದುಕೊಂಡು, ವೈದ್ಯರು ಪಟ್ಟಿ ಬಿಡಿ ಎಂದ ಮೇಲೂ ಮೂರು ನಾಲ್ಕು ವಾರ ಅದರಲ್ಲೇ ಕೈಯಿಟ್ಟುಕೊಂಡು ಕುಳಿತೆ. ಅದನ್ನು ತಾಳ್ಮೆಯೆಂದು ತಿಳಿದಿದ್ದೆ. ಅದು ಅಂಜಿಕೆ.

ಹತ್ತನೆಯ ವಾರ ಕೈ ಎತ್ತಲು ಹೋದರೆ ಅದು ಎದೆಯ ಮಟ್ಟಕ್ಕೇ ನಿಂತಿತು. ತಲೆ ಬಾಚಲಾರೆ, ಬೆನ್ನ ಹಿಂದಕ್ಕೆ ಒಯ್ಯಲಾರೆ. ಆಗ ವ್ಯಾಯಾಮ ಚಿಕಿತ್ಸೆಯ ಹೆಣ್ಣುಮಗಳು ನನ್ನ ಹೆಗಲನ್ನು ಮುಟ್ಟಿ ನೋಡಿ ಹೇಳಿದ ಮಾತನ್ನು ಮರೆಯಲಾರೆ: “ಸಾರ್, ನಿಮ್ಮ ಮೂಳೆ ಕೂಡಿದೆ. ಇನ್ನು ಕೈ ಕೂಡಬೇಕು.”

ಆಕೆ ವಿವರಿಸಿದಳು. ಹೆಗಲಿನ ಕೀಲು ಸೊಂಟದ ಕೀಲಿನಂತೆ ಆಳವಾದ ಒರಳಲ್ಲ. ಸಣ್ಣ ತಟ್ಟೆಯ ಮೇಲೆ ದೊಡ್ಡ ನಿಂಬೆಹಣ್ಣು ನಿಂತಂತೆ. ಅದನ್ನು ಸುತ್ತಲೂ ಒಂದು ಪೊರೆಯ ಚೀಲ ಹಿಡಿದಿದೆ. ಕೈ ಇಳಿಬಿಟ್ಟಾಗ ಆ ಚೀಲದ ಕೆಳಭಾಗ ಮಡಿಕೆಯಾಗಿ ಜೋತಿರುತ್ತದೆ. ಕೈ ಎತ್ತಿದಾಗ ಮಡಿಕೆ ಬಿಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಎತ್ತದಿದ್ದರೆ ಮಡಿಕೆ ಮಡಿಕೆಗೆ ಅಂಟುತ್ತದೆ. “ರೇಷ್ಮೆಸೀರೆಯನ್ನು ಆಗಾಗ ಬಿಚ್ಚಿ ಮಡಿಕೆ ಬದಲಾಯಿಸ್ತಾರಲ್ಲ ಸಾರ್, ಹಾಗೆ” ಎಂದಳು. ನನ್ನ ಹೆಂಡತಿಗೆ ಈ ಮಾತು ನನಗಿಂತ ಮೊದಲು ಅರ್ಥವಾಯಿತು.

ಕೇಳುಗರೇ, ನಾನು ಕಲಿತದ್ದು ಇಷ್ಟೆ. ಮೂಳೆ ತಾನಾಗಿ ಕೂಡುತ್ತದೆ. ಕೈಯನ್ನು ನಾವು ಕೂಡಿಸಿಕೊಳ್ಳಬೇಕು. ಮೊದಲನೆಯದು ಪ್ರಕೃತಿಯ ಕೆಲಸ, ನಾವು ಅಡ್ಡಿಬರದಿದ್ದರೆ ಸಾಕು. ಎರಡನೆಯದು ನಮ್ಮದೇ ಕೆಲಸ, ಬೇರೆ ಯಾರೂ ಮಾಡಿಕೊಡಲಾರರು. ಸುಶ್ರುತನನ್ನು ಮತ್ತೆ ತೆರೆದು ನೋಡಿದೆ. ಅಂಗೈಯ ಮೂಳೆ ಮುರಿದು ವಾಸಿಯಾದವನು ಮೊದಲು ಮಣ್ಣಿನ ಮುದ್ದೆಯನ್ನು ಹಿಡಿಯಬೇಕು, ಆಮೇಲೆ ಉಪ್ಪಿನ ಗಟ್ಟಿಯನ್ನು, ಕೈಗೆ ಬಲ ಬಂದ ಮೇಲೆ ಕಲ್ಲನ್ನು ಹಿಡಿಯಬೇಕೆಂದು ಅಲ್ಲಿದೆ. ಕಟ್ಟು ಬಿಚ್ಚಿದ ಮೇಲೂ ಚಿಕಿತ್ಸೆ ಮುಗಿಯುವುದಿಲ್ಲ ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ಹೇಳಲು ಸಾಧ್ಯವಿಲ್ಲ. ಮೊದಲ ಸಲ ಓದುವಾಗ ಈ ಭಾಗದ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದೆ. ವಿದ್ವಾಂಸರ ಓದು ಹೀಗೆಯೇ.

ಆ ಹೆಣ್ಣುಮಗಳು ನನಗೆ ಕೊಟ್ಟ ಸಾಧನ ಒಂದು ಗೋಡೆ ಮತ್ತು ಒಂದು ಸೀಸದಕಡ್ಡಿ. ಗೋಡೆಗೆ ಎದುರಾಗಿ ನಿಂತು ಬಲಗೈಯ ಬೆರಳುಗಳನ್ನು ಇರುವೆ ಹತ್ತಿದಂತೆ ಮೇಲೆ ಮೇಲೆ ಹತ್ತಿಸಬೇಕು. ಇನ್ನು ಹತ್ತದು ಎಂದಲ್ಲಿ ಎಡಗೈಯಿಂದ ಒಂದು ಗೆರೆ ಎಳೆಯಬೇಕು. ಮಾರನೆಯ ದಿನ ಗೆರೆಯನ್ನು ಮುಟ್ಟಬೇಕು. ದಿನಕ್ಕೆ ಮೂರು ನಾಲ್ಕು ಸಲ, ಪ್ರತಿಸಲ ಹತ್ತು ನಿಮಿಷ. ನಮ್ಮ ಮನೆಯ ಆ ಗೋಡೆಯ ಮೇಲೆ, ಮಗ ಚಿಕ್ಕವನಾಗಿದ್ದಾಗ ಅವನ ಎತ್ತರ ಗುರುತಿಸಿದ ಗೆರೆಗಳು ಇನ್ನೂ ಇದ್ದವು. ಅವುಗಳ ಪಕ್ಕದಲ್ಲೇ ನನ್ನ ಗೆರೆಗಳು ಏರತೊಡಗಿದವು. ಕೆಲವು ದಿನ ಒಂದು ಬೆರಳಿನಷ್ಟು ಏರಿದರೆ, ಕೆಲವು ವಾರ ಕೂದಲೆಳೆಯಷ್ಟೂ ಏರಲಿಲ್ಲ. ಚಳಿಗಾಲದಲ್ಲಿ ಒಮ್ಮೆ ಇಳಿಯಿತು ಕೂಡ. ಎಷ್ಟು ನೋವು ಸಹಜ ಎಂದು ಕೇಳಿದೆ. ವ್ಯಾಯಾಮದ ನೋವು ಅರ್ಧ ಗಂಟೆ ಒಂದು ಗಂಟೆಯಲ್ಲಿ ಇಳಿದರೆ ಸರಿ. ರಾತ್ರಿಯೆಲ್ಲಾ ಉಳಿದರೆ ನಾಳೆ ಸ್ವಲ್ಪ ಕಡಿಮೆ ಮಾಡಿ ಎಂದಳು. ಭಾರ ಎತ್ತುವ ವ್ಯಾಯಾಮ ಮೂರು ತಿಂಗಳು ಕಳೆದು ವೈದ್ಯರು ಒಪ್ಪಿದ ಮೇಲೆ ಬಂತು; ಮೊದಲು ಖಾಲಿ ಕೈ, ಆಮೇಲೆ ಅರ್ಧ ಸೇರು ನೀರಿನ ಚೊಂಬು. ಹೆಚ್ಚಿನ ಸುಧಾರಣೆ ಮೊದಲ ಆರು ತಿಂಗಳಲ್ಲಿ ಆಗುತ್ತದೆ. ಆದರೆ ವರ್ಷದವರೆಗೂ, ಅದಕ್ಕಿಂತ ಮುಂದೆಯೂ ಸ್ವಲ್ಪ ಸ್ವಲ್ಪ ಆಗುತ್ತಲೇ ಇರುತ್ತದೆ.

ಇನ್ನೊಂದು ಮಾತು. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿಯಿತೆಂದರೆ ಮೂಳೆ ಮೊದಲೇ ಟೊಳ್ಳಾಗತೊಡಗಿತ್ತು ಎಂದು ಸಂಶಯಪಡಬೇಕು. ಹೀಗೆ ಒಮ್ಮೆ ಮುರಿದವರಿಗೆ ಇನ್ನೊಂದು ಮೂಳೆ, ಮುಖ್ಯವಾಗಿ ಸೊಂಟದ ಮೂಳೆ, ಮುರಿಯುವ ಸಂಭವ ಹೆಚ್ಚು. ಆದ್ದರಿಂದ ತೋಳು ವಾಸಿಯಾದರೆ ಸಾಲದು. ಮೂಳೆಯ ಸಾಂದ್ರತೆಯ ಪರೀಕ್ಷೆ ಮಾಡಿಸಿ, ಬೇಕಾದರೆ ಔಷಧ ತೆಗೆದುಕೊಳ್ಳಬೇಕು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಹಾಲು, ಮೊಸರು, ಸೊಪ್ಪು ಇವೆ. ಚರ್ಮಕ್ಕೆ ಬಿಸಿಲು ಬೇಕು. ನಮ್ಮ ಹಿತ್ತಿಲ ಚಪ್ಪಡಿಯ ಪಾಚಿಯನ್ನು ಉಜ್ಜಿಸಿದೆ, ಬಚ್ಚಲಮನೆಯಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿದೆ. ಇವೂ ತೋಳಿನ ಚಿಕಿತ್ಸೆಯ ಭಾಗವೆಂದೇ ನನ್ನ ಲೆಕ್ಕ.

ಬಿದ್ದು ಒಂದು ವರ್ಷವಾದ ದಿನ ಗೋಡೆಯ ಮುಂದೆ ನಿಂತು ಎರಡೂ ಕೈ ಎತ್ತಿ ನೋಡಿದೆ. ಎಡಗೈ ಮುಟ್ಟಿದ ಜಾಗಕ್ಕಿಂತ ಬಲಗೈ ನಾಲ್ಕು ಬೆರಳು ಕೆಳಗಿತ್ತು. ಆ ನಾಲ್ಕು ಬೆರಳಿನಲ್ಲಿ ವಯಸ್ಸಿನ ಪಾಲೆಷ್ಟು, ನನ್ನ ಅಂಜಿಕೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ; ನನ್ನ ಪಾಲು ಇದೆಯೆಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಪುಸ್ತಕದ ಕಪಾಟಿನ ತೀರ ಮೇಲಿನ ಸಾಲಿಗೆ ನನ್ನ ಬಲಗೈ ಎಟಕುವುದಿಲ್ಲ. ಅಲ್ಲಿದ್ದ ನಿಘಂಟುಗಳನ್ನು ಒಂದು ಸಾಲು ಕೆಳಗೆ ಇಳಿಸಿಕೊಂಡಿದ್ದೇನೆ. ಬರೆಯುತ್ತೇನೆ, ಉಣ್ಣುತ್ತೇನೆ, ತಲೆ ಬಾಚಿಕೊಳ್ಳುತ್ತೇನೆ, ಬ್ಯಾಂಕಿನಲ್ಲಿ ರುಜು ಹಾಕುತ್ತೇನೆ. ನನ್ನ ಮಟ್ಟಿಗೆ ಇದು ಕೈಗೂಡಿದ ಕಾರ್ಯವೇ.

ನಿಮ್ಮ ಮನೆಯಲ್ಲಿ ಯಾರಾದರೂ ತೋಳು ಮುರಿದುಕೊಂಡು ಬಂದು, ವೈದ್ಯರು ಒಂದು ಪಟ್ಟಿ ಹಾಕಿ ಕಳಿಸಿದರೆ, ‘ಅಷ್ಟೇನಾ’ ಎಂದು ಕೇಳಬೇಡಿ. ಅವರು ಕೊಟ್ಟದ್ದು ಚಿಕಿತ್ಸೆಯ ಮೊದಲ ಅರ್ಧವನ್ನು. ಉಳಿದರ್ಧಕ್ಕೆ ಯಾವಾಗ ಕೈಹಾಕಬೇಕು ಎಂದು ಕೇಳಿ, ಅವರು ಹೇಳಿದ ದಿನವೇ ಕೈಹಾಕಿ. ನನ್ನ ಹಾಗೆ ತಡಮಾಡಬೇಡಿ.

ಬಾನುಲಿಯಲ್ಲಿ ನಾನು ನಿಮಗೆ ಕಾಣುವುದಿಲ್ಲ. ಆದರೂ ಎರಡೂ ಕೈ ಜೋಡಿಸಿಯೇ ಹೇಳುತ್ತಿದ್ದೇನೆ, ನಮಸ್ಕಾರ.